ಮೋಡ ಸರಿಯದ ಶುಕ್ರನ ನೆಲದ ಚಿತ್ರ ಎಲ್ಲಿಂದ ಬಂತು?

ಓದುಗರ ಪ್ರಶ್ನೆ: ಶುಕ್ರ ಗ್ರಹವನ್ನು ಯಾವಾಗಲೂ ಮೋಡ ಮುಚ್ಚಿಕೊಂಡಿರುತ್ತದೆ, ಹೊರಗಿನಿಂದ ನೆಲ ಕಾಣುವುದೇ ಇಲ್ಲ ಎಂದು ಓದಿದ್ದೇನೆ. ಆದರೆ ಕಿತ್ತಳೆ ಬಣ್ಣದ ಎತ್ತರದ ಬೆಟ್ಟಗಳು, ಹರಿದ ಲಾವಾ ಎಲ್ಲ ನಿಚ್ಚಳವಾಗಿರುವ ಚಿತ್ರಗಳನ್ನೂ ನೋಡಿದ್ದೇನೆ. ಅವು ಫೋಟೊಗಳೇ, ಕಲಾವಿದರು ಬಿಡಿಸಿದ್ದೇ?

ಎರಡೂ ಅಲ್ಲ. ಬೆಟ್ಟ ಇರುವುದು ನಿಜ, ಅದರ ಮೈಮೇಲಿನ ಲಾವಾದ ಗುರುತುಗಳೂ ನಿಜ. ಆದರೆ ಅಷ್ಟು ಕಡಿದಾದ ಏರು ಅಲ್ಲಿಲ್ಲ, ಬಣ್ಣವಂತೂ ಆಮೇಲೆ ಹಚ್ಚಿದ್ದು. ನೀವು ನೋಡಿರುವ ಚಿತ್ರಗಳಲ್ಲಿ ಹೆಚ್ಚಿನವು ನಾಸಾದ ಮೆಗೆಲನ್ ನೌಕೆ 1990ರಿಂದ 1992ರವರೆಗೆ ರೇಡಾರ್ ಹಿಡಿದು ಮಾಡಿದ ಅಳತೆಗಳಿಂದ ತಯಾರಾದವು. ಶುಕ್ರನ ಶೇ 98ರಷ್ಟು ನೆಲದ ಚಿತ್ರ ಸಿಕ್ಕಿದ್ದು ಆ ಒಂದು ನೌಕೆಯಿಂದ.

ಶುಕ್ರನ ಮೋಡದಲ್ಲಿ ಇರುವುದು ಸಲ್ಫ್ಯೂರಿಕ್ ಆಮ್ಲದ ಹನಿಗಳು. ನೆಲದಿಂದ ಸುಮಾರು 48 ಕಿ.ಮೀ. ಎತ್ತರದಲ್ಲಿ ಶುರುವಾಗಿ 70 ಕಿ.ಮೀ.ವರೆಗೂ ಈ ಮೋಡ ಹಬ್ಬಿದೆ. ಹನಿಗಳ ಗಾತ್ರ ಬಹುಪಾಲು ಒಂದೆರಡು ಮೈಕ್ರೊಮೀಟರ್. ಬೆಳಕಿನ ತರಂಗಾಂತರವೂ ಹೆಚ್ಚುಕಡಿಮೆ ಅದೇ ಅಳತೆಯ ಆಸುಪಾಸಿನಲ್ಲಿರುವುದರಿಂದ ಬೆಳಕು ಹನಿಯಿಂದ ಹನಿಗೆ ಚದುರಿ ದಿಕ್ಕು ತಪ್ಪುತ್ತದೆ. ಮೆಗೆಲನ್ ಬಳಸಿದ್ದು 12.6 ಸೆಂ.ಮೀ. ತರಂಗಾಂತರದ ರೇಡಿಯೊ ಅಲೆ, ಅಂದರೆ ಹನಿಗಿಂತ ಅರವತ್ತು ಸಾವಿರ ಪಟ್ಟು ದೊಡ್ಡದು. ಅಂಥ ಅಲೆಗೆ ಮೋಡ ಇದ್ದೂ ಇಲ್ಲದಂತೆ.

ಇನ್ನೂ ಚಿಕ್ಕ ಅಲೆ ಬಳಸಿದ್ದರೆ ಚಿತ್ರ ಹೆಚ್ಚು ಚೂಪಾಗುತ್ತಿತ್ತಲ್ಲವೇ? ಆಗುತ್ತಿತ್ತು, ಆದರೆ ಅಲ್ಲಿನ ಗಾಳಿ ಬಿಡುವುದಿಲ್ಲ. ನೆಲಮಟ್ಟದಲ್ಲಿ ಒತ್ತಡ ಭೂಮಿಯದಕ್ಕಿಂತ 90 ಪಟ್ಟಿಗೂ ಹೆಚ್ಚು. ಆ ದಟ್ಟ ಇಂಗಾಲದ ಡೈಆಕ್ಸೈಡ್ ಮತ್ತು ಮೋಡದ ಕೆಳಗಿನ ಆಮ್ಲದ ಆವಿ ಚಿಕ್ಕ ರೇಡಿಯೊ ಅಲೆಗಳನ್ನು ಹೀರಿಕೊಳ್ಳುತ್ತವೆ. ಅದೂ ಎರಡು ಸಲ, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ.

ಈಗ ಆಂಟೆನಾದ ಲೆಕ್ಕ ನೋಡಿ. ಮೆಗೆಲನ್‌ನ ಬಟ್ಟಲು ಆಂಟೆನಾ 3.7 ಮೀಟರ್ ಅಗಲದ್ದು, ವಾಯೇಜರ್ ಯೋಜನೆಯಲ್ಲಿ ಮಿಕ್ಕಿದ್ದ ಬಿಡಿ ಭಾಗ. ಆಂಟೆನಾದಿಂದ ಹೊರಟ ಅಲೆ ಎಷ್ಟು ಹರಡುತ್ತದೆ ಎಂದು ತಿಳಿಯಲು ತರಂಗಾಂತರವನ್ನು ಆಂಟೆನಾದ ಅಗಲದಿಂದ ಭಾಗಿಸಿದರೆ ಸಾಕು. 0.126 ಭಾಗಿಸು 3.7, ಬರುವುದು 0.034. ನೌಕೆ 300 ಕಿ.ಮೀ. ದೂರದಲ್ಲಿದ್ದರೆ ನೆಲದ ಮೇಲೆ ಅಲೆ ಬೀಳುವ ಜಾಗ 10 ಕಿ.ಮೀ. ಅಗಲ. ಅಷ್ಟರೊಳಗಿನ ಯಾವುದನ್ನೂ ಬೇರೆಬೇರೆಯಾಗಿ ಗುರುತಿಸಲಾಗದು. ನೂರು ಮೀಟರಿನ ವಿವರ ಬೇಕೆಂದರೆ ಇದೇ ಸೂತ್ರದ ಪ್ರಕಾರ ಸುಮಾರು 380 ಮೀಟರ್ ಅಗಲದ ಆಂಟೆನಾ ಬೇಕು. ಅದನ್ನು ಹೊರುವ ರಾಕೆಟ್ ಎಲ್ಲಿದೆ?

ಆಂಟೆನಾವನ್ನು ಹಿಗ್ಗಿಸುವ ಬದಲು ನೌಕೆಯ ಓಟವನ್ನೇ ಆಂಟೆನಾ ಮಾಡಿಕೊಳ್ಳುವುದು ಇದಕ್ಕೆ ಸಿಕ್ಕ ಪರಿಹಾರ. ಇದಕ್ಕೆ ಸಿಂಥೆಟಿಕ್ ಅಪರ್ಚರ್ ರೇಡಾರ್ ಎನ್ನುತ್ತಾರೆ, ಚಿಕ್ಕದಾಗಿ ‘ಸಾರ್’. ನೌಕೆ ಸೆಕೆಂಡಿಗೆ ಸಾವಿರಾರು ಮಿಡಿತಗಳನ್ನು ನೆಲಕ್ಕೆ ಬಿಡುತ್ತದೆ. ಮರಳಿ ಬಂದ ಪ್ರತಿಧ್ವನಿಯಲ್ಲಿ ಎರಡು ಸಂಗತಿ ಅಳೆಯುತ್ತಾರೆ. ಎಷ್ಟು ಹೊತ್ತಿಗೆ ಬಂತು ಎಂಬುದರಿಂದ ದೂರ ಸಿಗುತ್ತದೆ. ಆವರ್ತನ ಎಷ್ಟು ಬದಲಾಗಿದೆ ಎಂಬುದರಿಂದ ಅದು ನೌಕೆಯ ಮುಂದಿನ ಜಾಗದಿಂದ ಬಂದದ್ದೋ ಹಿಂದಿನದರಿಂದಲೋ ಎಂದು ತಿಳಿಯುತ್ತದೆ. ರೈಲು ಹತ್ತಿರ ಬರುವಾಗ ಸೀಟಿ ಕೀರಲಾಗಿ, ದೂರ ಹೋಗುವಾಗ ಗಡುಸಾಗಿ ಕೇಳುವ ಅದೇ ಡಾಪ್ಲರ್ ಪರಿಣಾಮ. ಹೀಗೆ ಪ್ರತಿ ಪ್ರತಿಧ್ವನಿಗೂ ಒಂದು ಅಡ್ಡ ಗೆರೆ, ಒಂದು ಉದ್ದ ಗೆರೆ ಸಿಕ್ಕಿ, ಅವು ಕೂಡುವ ಚೌಕದಲ್ಲಿ ಅದನ್ನು ಕೂರಿಸುತ್ತಾರೆ. ಅದೇ ಜಾಗದಿಂದ ಬಂದ ನೂರಾರು ಪ್ರತಿಧ್ವನಿ ಸೇರಿಸಿದಾಗ ಸುಮಾರು 100ರಿಂದ 300 ಮೀಟರ್‌ವರೆಗಿನ ವಿವರ ತೆರೆದುಕೊಳ್ಳುತ್ತದೆ.

ಇದಕ್ಕೆ ಒಂದು ಷರತ್ತಿದೆ: ರೇಡಾರ್ ಓರೆಯಾಗಿ, ಒಂದೇ ಪಕ್ಕಕ್ಕೆ ನೋಡಬೇಕು. ನೇರ ಕೆಳಗೆ ನೋಡಿದರೆ ಎಡಕ್ಕೆ ಐದು ಕಿ.ಮೀ. ಆಚೆಯ ಬಂಡೆಯೂ ಬಲಕ್ಕೆ ಐದು ಕಿ.ಮೀ. ಆಚೆಯ ಬಂಡೆಯೂ ಒಂದೇ ದೂರದಲ್ಲಿರುತ್ತವೆ, ಎರಡರ ಪ್ರತಿಧ್ವನಿ ಒಂದೇ ಕ್ಷಣ ಬಂದು ಬೆರೆತುಹೋಗುತ್ತದೆ. ಎತ್ತರ ಅಳೆಯಲು ಮಾತ್ರ ನೇರ ಕೆಳಗೆ ನೋಡುವ ಇನ್ನೊಂದು ಚಿಕ್ಕ ಆಂಟೆನಾ ಇತ್ತು.

ದೊಡ್ಡ ಬಟ್ಟಲಿಗೆ ಎರಡು ಕೆಲಸ. ಸುಮಾರು ಮೂರೂಕಾಲು ಗಂಟೆಯ ಪ್ರತಿ ಸುತ್ತಿನಲ್ಲಿ ನೌಕೆ ಶುಕ್ರನ ಹತ್ತಿರ ಬಂದಾಗ ಸುಮಾರು 37 ನಿಮಿಷ ನೆಲದ ಅಳತೆ. ದೂರ ಹೋದಾಗ ಅದೇ ಬಟ್ಟಲನ್ನು ಭೂಮಿಯ ಕಡೆ ತಿರುಗಿಸಿ ಟೇಪಿನಲ್ಲಿದ್ದ ದತ್ತಾಂಶದ ರವಾನೆ. ಒಂದು ಸುತ್ತಿಗೆ ಸಿಗುತ್ತಿದ್ದುದು 20ರಿಂದ 25 ಕಿ.ಮೀ. ಅಗಲದ, ಧ್ರುವದ ಕಡೆಯಿಂದ ದಕ್ಷಿಣಕ್ಕೆ ಇಳಿಯುವ ಉದ್ದನೆಯ ಪಟ್ಟಿ. ಶುಕ್ರ ತನ್ನ ಸುತ್ತ ತಾನು ಒಮ್ಮೆ ತಿರುಗಲು 243 ದಿನ ಬೇಕು, ಹಾಗಾಗಿ ನೌಕೆಯ ಒಂದು ಸುತ್ತಿಗೆ ಸಮಭಾಜಕದ ನೆಲ ಸರಿಯುವುದು ಸುಮಾರು 21 ಕಿ.ಮೀ. ಮಾತ್ರ. ಪಟ್ಟಿಯ ಪಕ್ಕಕ್ಕೆ ಪಟ್ಟಿ, ಚಾಪೆ ಹೆಣೆದಂತೆ, 243 ದಿನಕ್ಕೆ ಒಂದು ಆವೃತ್ತಿ. ಕೆಲಸವೇನೂ ಸಲೀಸಾಗಿ ನಡೆಯಲಿಲ್ಲ. ಕಕ್ಷೆ ಸೇರಿದ ಆರೇ ದಿನಕ್ಕೆ, 1990ರ ಆಗಸ್ಟ್ 16ರಂದು, ನೌಕೆಯ ಸಂಪರ್ಕ ಗಂಟೆಗಟ್ಟಲೆ ಕಡಿದುಹೋಗಿತ್ತು. ಕೆಲವೇ ದಿನಗಳಲ್ಲಿ ಮತ್ತೆ ಹಾಗೇ ಆಯಿತು. ಕೊನೆಗೆ ತಪ್ಪು ಸಿಕ್ಕಿದ್ದು ಸಾಫ್ಟ್‌ವೇರ್‌ನಲ್ಲಿ.

ಈ ಚಿತ್ರಗಳನ್ನು ಓದುವಾಗ ನಮ್ಮ ಕಣ್ಣು ಮೋಸಹೋಗುವುದು ಬೆಳಕು ನೆರಳಿನ ವಿಚಾರದಲ್ಲಿ. ನಿಂತ ನೀರಿಗೆ ಓರೆಯಾಗಿ ಟಾರ್ಚ್ ಬಿಟ್ಟರೆ ಬೆಳಕು ಆಚೆಗೆ ಜಾರಿಹೋಗುತ್ತದೆ; ಜಲ್ಲಿ ರಾಶಿಗೆ ಬಿಟ್ಟರೆ ಒಂದಷ್ಟು ನಮ್ಮ ಕಡೆಗೇ ವಾಪಸಾಗುತ್ತದೆ. ರೇಡಾರ್ ಚಿತ್ರದಲ್ಲೂ ಹಾಗೆಯೇ: ಬೆಳ್ಳಗಿರುವುದು ಒರಟು ನೆಲ, ಕಪ್ಪಗಿರುವುದು ನುಣುಪು ನೆಲ. ಒರಟು ಎಂದರೆ ಇಲ್ಲಿ ಅಲೆಯ ಅಳತೆಗೆ ಒರಟು, ಅಂದರೆ ಗೇಣುದ್ದದ ಕಲ್ಲುಗಳು. ಕಪ್ಪು ಮಚ್ಚೆಯನ್ನು ನೆರಳೆಂದೋ ಕಪ್ಪು ಕಲ್ಲೆಂದೋ ತಿಳಿಯಬಾರದು, ಅದು ನುಣ್ಣನೆಯ ಲಾವಾ ಬಯಲಾಗಿರಬಹುದು. ರೇಡಾರ್ ಕಡೆ ಮುಖ ಮಾಡಿದ ಇಳಿಜಾರು ಬೆಳಗುತ್ತದೆ, ಜೊತೆಗೆ ಕುಗ್ಗಿಯೂ ಕಾಣುತ್ತದೆ, ಏಕೆಂದರೆ ಶಿಖರದ ಪ್ರತಿಧ್ವನಿ ಬೇಗ ಬಂದು ಶಿಖರವೇ ನೌಕೆಯ ಕಡೆ ವಾಲಿದಂತಾಗುತ್ತದೆ. ಮ್ಯಾಕ್ಸ್‌ವೆಲ್ ಪರ್ವತದಂಥ ಎತ್ತರದ ಜಾಗಗಳು ಒರಟುತನವೊಂದರಿಂದಲೇ ವಿವರಿಸಲಾಗದಷ್ಟು ಬೆಳಗುತ್ತವೆ. ಅಲ್ಲಿನ ಕಲ್ಲಿನ ವಿದ್ಯುತ್ ಗುಣವೇ ಬೇರೆ. ಕಾರಣವಾದ ಖನಿಜ ಯಾವುದೆಂಬ ಚರ್ಚೆ ಇನ್ನೂ ಮುಗಿದಿಲ್ಲ.

ಕಡಿದಾದ ಬೆಟ್ಟಕ್ಕೆ ಬರೋಣ. ಎಲ್ಲೆಡೆ ಸಿಗುವ ಚಿತ್ರದ ಮಾತ್ ಮಾನ್ಸ್ ಜ್ವಾಲಾಮುಖಿ ಸುತ್ತಲ ಬಯಲಿನಿಂದ ಸುಮಾರು 5 ಕಿ.ಮೀ. ಎತ್ತರ, ಬುಡದ ಅಗಲ ಸುಮಾರು 400 ಕಿ.ಮೀ. ಅಂದರೆ ಸರಾಸರಿ ಏರು ಒಂದೂವರೆ ಡಿಗ್ರಿಯೂ ಇಲ್ಲ. ಅಲ್ಲಿ ನಿಂತವರಿಗೆ ಬೆಟ್ಟ ಹತ್ತುತ್ತಿದ್ದೇವೆ ಎಂದೇ ಅನ್ನಿಸದು. ಇಂಥ ಚಿತ್ರಗಳಲ್ಲಿ ಎತ್ತರವನ್ನು 10 ಪಟ್ಟು, ಕೆಲವದರಲ್ಲಿ 22.5 ಪಟ್ಟು ಹಿಗ್ಗಿಸಿದ್ದಾರೆ. 22.5 ಪಟ್ಟು ಮಾಡಿದರೆ ಅದೇ ಏರು ಸುಮಾರು 29 ಡಿಗ್ರಿಯಾಗುತ್ತದೆ. ಚಿತ್ರದ ಅಡಿಬರಹದಲ್ಲಿ ಇದು ಇತ್ತು. ಕೈಯಿಂದ ಕೈಗೆ ದಾಟುವಾಗ ಅಡಿಬರಹ ಉದುರಿಹೋಯಿತು, ಬೆಟ್ಟ ಮಾತ್ರ ಉಳಿಯಿತು. ಬೇಸರದ ಸಂಗತಿ ಇದೇ.

ಕಿತ್ತಳೆ ಬಣ್ಣವನ್ನು ತಂದದ್ದು 1982ರ ಮಾರ್ಚ್‌ನಲ್ಲಿ ಇಳಿದ ಸೋವಿಯತ್ ನೌಕೆಗಳಾದ ವೆನೆರಾ 13 ಮತ್ತು 14ರ ಚಿತ್ರಗಳಿಂದ. ಅಲ್ಲಿನ ದಟ್ಟ ಗಾಳಿಯಲ್ಲಿ ನೀಲಿ ಬೆಳಕು ನೆಲ ಮುಟ್ಟುವ ಮೊದಲೇ ಸೋಸಿಹೋಗುವುದರಿಂದ ಎಲ್ಲವೂ ಕಿತ್ತಳೆಯಾಗಿ ಕಾಣುತ್ತದೆ. ಅದೇ ಕಲ್ಲನ್ನು ಬಿಳಿ ಬೆಳಕಿನಲ್ಲಿಟ್ಟರೆ ಬೂದು ಬಣ್ಣ. ನಿಜವಾದ ಫೋಟೊ ಬೇಕೆಂದರೆ ಶುಕ್ರನ ನೆಲದ ಮೇಲೆ ನಿಂತು ತೆಗೆದವು ಇರುವುದು ನಾಲ್ಕೇ ಜಾಗಗಳವು: ವೆನೆರಾ 9, 10, 13 ಮತ್ತು 14 ಇಳಿದಲ್ಲಿ. ಸುಮಾರು 460 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ವೆನೆರಾ 13 ಕೆಲಸ ಮಾಡಿದ್ದು 127 ನಿಮಿಷ. ವೆನೆರಾ 14ರ ಚಿತ್ರದಲ್ಲಿ ಕ್ಯಾಮೆರಾದಿಂದ ಕಳಚಿ ಬಿದ್ದ ಅರ್ಧಚಂದ್ರಾಕಾರದ ಮುಚ್ಚಳ ಕಾಣುತ್ತದೆ. ನೆಲ ಎಷ್ಟು ಗಟ್ಟಿ ಎಂದು ಒತ್ತಿ ನೋಡಬೇಕಿದ್ದ ತೋಳು ಸರಿಯಾಗಿ ಅದರ ಮೇಲೆಯೇ ಇಳಿದು, ಮಣ್ಣಿನ ಬದಲು ಮುಚ್ಚಳವನ್ನು ಒತ್ತಿತು.

ರೇಡಾರ್ ಚಿತ್ರವನ್ನು ನಂಬಬಹುದೇ ಎಂದರೆ, ನೋಡಿದ ದಿಕ್ಕು ಗೊತ್ತಿದ್ದರೆ ನಂಬಬಹುದು. 2023ರಲ್ಲಿ ವಿಜ್ಞಾನಿಗಳಾದ ರಾಬರ್ಟ್ ಹೆರಿಕ್ ಮತ್ತು ಸ್ಕಾಟ್ ಹೆನ್ಸ್ಲಿ ಮೆಗೆಲನ್‌ನ ಹಳೆಯ ಚಿತ್ರಗಳಲ್ಲಿ ಮಾತ್ ಮಾನ್ಸ್ ಬಳಿಯ ಒಂದು ಜ್ವಾಲಾಮುಖಿ ಬಾಯನ್ನು ತೋರಿಸಿದರು. 1991ರ ಫೆಬ್ರುವರಿಯಲ್ಲಿ ಅದು ದುಂಡಗೆ, ಸುಮಾರು 2.2 ಚ.ಕಿ.ಮೀ. ಇತ್ತು. ಎಂಟು ತಿಂಗಳ ಬಳಿಕ ಆಕಾರ ಕೆಟ್ಟು ಸುಮಾರು 4 ಚ.ಕಿ.ಮೀ. ಆಗಿತ್ತು. ತೊಡಕೆಂದರೆ ಮೊದಲ ಆವೃತ್ತಿಯಲ್ಲಿ ರೇಡಾರ್ ನೋಡಿದ್ದು ಎಡಕ್ಕೆ, ಎರಡನೆಯದರಲ್ಲಿ ಬಲಕ್ಕೆ. ನೋಟ ಬದಲಾದರೆ ಅದೇ ಕುಳಿ ಬೇರೆಯಾಗಿ ಕಾಣುವುದು ಸಹಜ. ಹಾಗಾಗಿ ಅವರು ಕುಳಿಯ ಹಲವು ಮಾದರಿಗಳನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಎರಡೂ ದಿಕ್ಕಿನಿಂದ ಹೇಗೆ ಕಾಣುತ್ತವೆ ಎಂದು ಹೋಲಿಸಿದ ಮೇಲೆಯೇ ನೆಲ ಬದಲಾಗಿದೆ ಎಂದರು. ನಾಸಾ ಯೋಜಿಸಿರುವ ವೆರಿಟಾಸ್ ನೌಕೆ 3.8 ಸೆಂ.ಮೀ. ಅಲೆ ಬಳಸಲಿದೆ. ಗಾಳಿಯಲ್ಲಿ ಹೆಚ್ಚು ಶಕ್ತಿ ಕಳೆದುಕೊಂಡರೂ ಚೂಪಾದ ಚಿತ್ರಕ್ಕಾಗಿ ಒಪ್ಪಿಕೊಂಡ ನಷ್ಟ ಅದು.