ಸ್ಟೀರಾಯ್ಡ್ ಮಾತ್ರೆ ನಾಳೆಯಿಂದ್ಲೇ ನಿಲ್ಲಿಸಿಬಿಡ್ಲಾ?

ಪ್ರಶ್ನೆ: ಅಮ್ಮನಿಗೆ ಸಂಧಿವಾತ. ಎರಡು ತಿಂಗಳಿಂದ ವೈಸೋಲೋನ್ ತಗೊಳ್ತಿದ್ದಾರೆ, ನೋವು ಪೂರ್ತಿ ಹೋಗಿದೆ. ಅದು ಸ್ಟೀರಾಯ್ಡ್ ಅಂತ ಈಗ ಗೊತ್ತಾಯ್ತು. ನಿಲ್ಲಿಸಿಬಿಡ್ಲಾ?

ಬೇಡ. ದಯವಿಟ್ಟು ಬೇಡ. ವಾರಕ್ಕೊಬ್ಬರಾದರೂ ಇದನ್ನೇ ಕೇಳ್ತೀರಿ, ಎಲ್ಲರ ಭಯವೂ ಒಂದೇ: ಸ್ಟೀರಾಯ್ಡ್ ಅಂದರೆ ಮೈಗೆ ಹೊರಗಿನಿಂದ ಬಂದ ವಿಷ.

ವಿಷವಂತೆ! ನೀವು ಇದನ್ನು ಓದುತ್ತಿರುವಾಗಲೂ ನಿಮ್ಮ ಮೈ ಅದನ್ನು ತಯಾರಿಸುತ್ತಿದೆ. ಕಿಡ್ನಿಗಳ ನೆತ್ತಿಯ ಮೇಲೆ ಟೋಪಿ ಇಟ್ಟಂತೆ ಕೂತ ಅಡ್ರಿನಲ್ ಗ್ರಂಥಿಗಳ ಹೊರಪದರದಲ್ಲಿ ಕಾರ್ಟಿಸೋಲ್ ಅನ್ನೋ ಸ್ಟೀರಾಯ್ಡ್ ಹಾರ್ಮೋನ್ ಹುಟ್ಟುತ್ತದೆ. ಕಚ್ಚಾ ಮಾಲು ಯಾವುದು ಗೊತ್ತೇ? ಲ್ಯಾಬ್ ರಿಪೋರ್ಟಿನಲ್ಲಿ ನೋಡಿ ನೀವು ಹೆದರುವ ಅದೇ ಕೊಲೆಸ್ಟೆರಾಲ್. ದಿನಕ್ಕೆ ತಯಾರಾಗುವಷ್ಟರ ಕಸುವು ಸುಮಾರು 5 ಮಿಲಿಗ್ರಾಂ ವೈಸೋಲೋನ್‌ಗೆ ಸಮ. ಜಿಮ್ ಹುಡುಗರು ಚುಚ್ಚಿಕೊಳ್ಳೋದು ಟೆಸ್ಟೋಸ್ಟೆರಾನ್ ಕಡೆಯ ದಾಯಾದಿ. ಮನೆತನ ಒಂದೇ, ಕಸುಬು ಬೇರೆ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ವೈದ್ಯ ಫಿಲಿಪ್ ಹೆಂಚ್ ಕಾರ್ಟಿಸೋಲಿನ ಬಂಧುವಾದ ಕಾರ್ಟಿಸೋನನ್ನು ಮೊದಲು ಕೊಟ್ಟಿದ್ದೂ ನಿಮ್ಮ ಅಮ್ಮನಂಥ ಸಂಧಿವಾತದ ರೋಗಿಗೇ. 1950ರಲ್ಲಿ ನೊಬೆಲ್ ಬಂತು.

ಹೆಚ್ಚು ದಿನ, ಹೆಚ್ಚು ಡೋಸ್ ಆದರೆ ತೊಂದರೆ ಇದೆ, ಇಲ್ಲ ಅನ್ನಲ್ಲ. ಮೂಳೆ ಸವೆಯುತ್ತದೆ, ಮುಖ ಊದುತ್ತದೆ. ಲಿವರ್ ಹೊಸದಾಗಿ ಗ್ಲೂಕೋಸ್ ತಯಾರಿಸತೊಡಗಿ ಶುಗರ್ ಏರುತ್ತದೆ. ಈ ಬಗೆಯ ಸ್ಟೀರಾಯ್ಡ್‌ಗಳಿಗಿರುವ ಗ್ಲೂಕೋಕಾರ್ಟಿಕಾಯ್ಡ್ ಅನ್ನೋ ಹೆಸರಿನಲ್ಲೇ ಅದು ಇದೆಯಲ್ಲ.

ಹಾಗಾದರೆ ತಟ್ಟನೆ ಯಾಕೆ ನಿಲ್ಲಿಸಬಾರದು? ಮನೆ ಮೇಲಿನ ಟ್ಯಾಂಕ್ ನೆನಪಿಸಿಕೊಳ್ಳಿ. ನೀರು ಇಳಿದರೆ ಫ್ಲೋಟ್ ಇಳಿದು ಮೋಟಾರು ಆನ್, ತುಂಬಿದರೆ ಆಫ್. ಮಿದುಳಿನ ಹೈಪೋಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಹೇಳುತ್ತದೆ, ಪಿಟ್ಯುಟರಿ ಎಸಿಟಿಎಚ್ ಅನ್ನೋ ಹಾರ್ಮೋನ್ ಕಳಿಸಿ ಅಡ್ರಿನಲ್ಲನ್ನು ಎಬ್ಬಿಸುತ್ತದೆ, ರಕ್ತದಲ್ಲಿ ಕಾರ್ಟಿಸೋಲ್ ಸಾಕಾದರೆ ಇಬ್ಬರೂ ಸುಮ್ಮನಾಗುತ್ತಾರೆ. ಮಾತ್ರೆ ಅಂದರೆ ಟ್ಯಾಂಕರ್ ನೀರು. ಎರಡು ತಿಂಗಳು ಫ್ಲೋಟ್ ಮೇಲೇ ಇತ್ತು, ಮೋಟಾರು ತಿರುಗಿಲ್ಲ, ಗ್ರಂಥಿ ಸೊರಗಿದೆ. ನಾಳೆ ಟ್ಯಾಂಕರ್ ಬರದಿದ್ದರೆ? ಸುಸ್ತು, ವಾಂತಿ, ಬಿಪಿ ಕುಸಿತ. ಜೀವಕ್ಕೇ ಕುತ್ತು ಬರಬಹುದು. ಅದಕ್ಕೇ ಡಾಕ್ಟರು ಡೋಸನ್ನು ಹಂತಹಂತವಾಗಿ ಇಳಿಸೋದು. ಅವರನ್ನೇ ಕೇಳಿ.

ಇನ್ನೊಂದು, ನೀವು ಕೇಳಿಲ್ಲ, ಆದರೂ ಹೇಳ್ತೀನಿ. ಚೀಟಿಯಲ್ಲಿ ‘ಬೆಳಿಗ್ಗೆ, ತಿಂಡಿ ಆದ ಮೇಲೆ’ ಅಂತ ಯಾಕಿರುತ್ತೆ? ತಿಂಡಿ ಹೊಟ್ಟೆಗಾಗಿ, ಬೆಳಿಗ್ಗೆ ಕಾರ್ಟಿಸೋಲಿಗಾಗಿ. ನಾವು ಏಳುವ ಹೊತ್ತಿಗೆ ಅದು ಶಿಖರದಲ್ಲಿ, ನಡುರಾತ್ರಿಯ ಹೊತ್ತಿಗೆ ತಳದಲ್ಲಿ. ಮಾತ್ರೆ ಆ ತಾಳಕ್ಕೇ ಕುಣಿಯಬೇಕು. ಅಮ್ಮನಿಗೆ ರಾತ್ರಿ ನಿದ್ದೆ ಬರ್ತಿಲ್ಲ ಅಂದರೆ, ಮಾತ್ರೆ ಎಷ್ಟು ಗಂಟೆಗೆ ನುಂಗ್ತಿದ್ದಾರೆ ಅಂತ ಮೊದಲು ವಿಚಾರಿಸಿ.