ಸ್ನಾಯು ಕರೆಯುತ್ತದೆಯೋ, ನರಕ್ಕೇ ದಾರಿ ಗೊತ್ತೋ?

ಅಂಗಡಿಯ ಫಾರಂ ಮೊಟ್ಟೆಗೆ ಎಷ್ಟು ಕಾವು ಕೊಟ್ಟರೂ ಭ್ರೂಣ ಸಿಗದು. ಆ ಕೋಳಿಗಳ ಜೊತೆ ಹುಂಜವೇ ಇರುವುದಿಲ್ಲ. ಬೆನ್ನುಹುರಿಯಿಂದ ಸ್ನಾಯುವಿಗೆ ಆಜ್ಞೆ ಒಯ್ಯುವ ಚಾಲಕ ನರಕೋಶ ಹುಟ್ಟುವುದನ್ನು ಕಣ್ಣಾರೆ ನೋಡಬೇಕಾದರೆ ಮಂಡ್ಯದ ಹಳ್ಳಿಗಳ ಕಡೆ ಹೋಗಿ, ಹುಂಜ ಬಿಟ್ಟಿರುವ ಮನೆಯ ನಾಟಿ ಮೊಟ್ಟೆ ತರಬೇಕು. ಬಸ್ಸಿನಲ್ಲಿ ಕುಲುಕಿ ಬಂದ ಮೊಟ್ಟೆಯನ್ನು ಚೂಪು ತುದಿ ಕೆಳಗೆ ಮಾಡಿ ಒಂದು ರಾತ್ರಿ ತಂಪಾದ ಜಾಗದಲ್ಲಿ ಇಟ್ಟು, ಮರುದಿನ ಅಡ್ಡ ಮಲಗಿಸಿ 38 ಡಿಗ್ರಿ ಸೆಲ್ಸಿಯಸ್, ಶೇ 60ರ ತೇವದಲ್ಲಿ ಕಾವಿಗೆ ಇಡುವುದು. ಎರಡೂವರೆ ದಿನವಾದ ಮೇಲೆ ದಪ್ಪ ತುದಿಯಿಂದ ಸಿರಿಂಜಿನಲ್ಲಿ 2–3 ಮಿಲಿಲೀಟರ್ ಬಿಳಿ ಲೋಳೆ ಹೀರಿದರೆ ಭ್ರೂಣ ಕೆಳಗಿಳಿಯುತ್ತದೆ, ಮೇಲಿನ ಚಿಪ್ಪಿನಲ್ಲಿ ಕಿಟಕಿ ಕತ್ತರಿಸಬಹುದು. ಹೀರದೆ ಕತ್ತರಿಸಿದರೆ ಚಿಪ್ಪಿಗೆ ತಾಗಿಕೊಂಡಿರುವ ರಕ್ತನಾಳ ಒಡೆಯುತ್ತದೆ.

ಏಪ್ರಿಲ್‌ನಲ್ಲಿ ಇನ್ನೊಂದು ತೊಡಕು. ಮಂಡ್ಯದ ಸೆಕೆಗೆ ಕೋಣೆಯಲ್ಲಿಟ್ಟ ಮೊಟ್ಟೆಯಲ್ಲೇ ಭ್ರೂಣ ಅರೆಬರೆ ಬೆಳೆಯತೊಡಗುತ್ತದೆ. ಗಂಟೆ ಲೆಕ್ಕ ನಂಬುವಂತಿಲ್ಲ. ಬೆನ್ನಿನ ಇಕ್ಕೆಲದ ಸೊಮೈಟ್ ಗಂಟುಗಳನ್ನು ಎಣಿಸಬೇಕು. ವಿಕ್ಟರ್ ಹ್ಯಾಂಬರ್ಗರ್ ಮತ್ತು ಹೊವಾರ್ಡ್ ಹ್ಯಾಮಿಲ್ಟನ್ 1951ರಲ್ಲಿ ಕೋಳಿ ಭ್ರೂಣವನ್ನು ಅದರ ರೂಪ ನೋಡಿಯೇ 46 ಹಂತಗಳಾಗಿ ವಿಂಗಡಿಸಿಕೊಟ್ಟರು.

ಹ್ಯಾಂಬರ್ಗರ್ ಅವರ ಪ್ರಶ್ನೆ ಅದಕ್ಕೂ ಹಳೆಯದು. 1934ರಲ್ಲಿ ರೆಕ್ಕೆಯ ಮೊಗ್ಗನ್ನು ಕಿತ್ತಾಗ ಆ ಬದಿಯ ಚಾಲಕ ನರಕೋಶಗಳು ಕಡಿಮೆಯಾದವು. ಸ್ನಾಯು ಕರೆಯದೆ ಅವು ರೂಪುಗೊಳ್ಳಲಿಲ್ಲ ಎಂದು ಅವರು ಬಗೆದರು. ರೀಟಾ ಲೆವಿ-ಮೊಂಟಾಲ್ಚಿನಿ ಒಪ್ಪಲಿಲ್ಲ: ಕೋಶಗಳು ಹುಟ್ಟುತ್ತವೆ, ಆಸರೆ ಸಿಗದೆ ಸಾಯುತ್ತವೆ ಎಂದರು. ಅವರ ಮಾತೇ ನಿಂತಿತು. ಏನೂ ಕೀಳದ ಭ್ರೂಣದಲ್ಲೂ ಹತ್ತನೇ ದಿನದೊಳಗೆ ಸುಮಾರು ಅರ್ಧದಷ್ಟು ಸಾಯುತ್ತವೆ.

1980ರಲ್ಲಿ ಸಿಂಥಿಯಾ ಲ್ಯಾನ್ಸ್-ಜೋನ್ಸ್ ಮತ್ತು ಲಿನ್ ಲ್ಯಾಂಡ್‌ಮೆಸರ್ ಬೆನ್ನುಹುರಿಯ ಮೂರ್ನಾಲ್ಕು ಖಂಡಗಳನ್ನು, ನರಕೋಶದಿಂದ ಸ್ನಾಯುವಿನತ್ತ ಚಾಚುವ ತಂತು ಹೊರಡುವ ಮುಂಚೆಯೇ, ಹಿಂದುಮುಂದಾಗಿಸಿ ಕೂರಿಸಿದರು. ತಂತುಗಳು ಸುತ್ತು ಬಳಸಿ ತಮ್ಮ ತಮ್ಮ ಸ್ನಾಯುವಿಗೇ ಹೋದವು. ಈ ಇಡೀ ಚರಿತ್ರೆಯಲ್ಲಿ ಇಷ್ಟು ಸ್ಪಷ್ಟವಾದ ಪ್ರಯೋಗ ಇನ್ನೊಂದಿಲ್ಲ. ವಿಳಾಸ ಕೋಶದೊಳಗೇ ಇದೆ ಎಂದಾಯಿತು. ಬರೆದವರು ಯಾರು?

ಮುಂದೆ ಬೆನ್ನುಹುರಿಯಾಗುವ ನರನಾಳದ ಕೆಳಗಿರುವ, ಕೋಲಿನಂಥ ನೋಟೊಕಾರ್ಡ್. ಇನ್ನೊಂದು ನೋಟೊಕಾರ್ಡನ್ನು ಪಕ್ಕಕ್ಕೆ ಕಸಿ ಮಾಡಿದರೆ ಅಲ್ಲೂ ಚಾಲಕ ನರಕೋಶಗಳು ಎದ್ದವು. ಅದು ಸೂಸುವ ಪ್ರೋಟೀನಿನ ಜೀನ್, ಸಾನಿಕ್ ಹೆಜ್‌ಹಾಗ್, 1993ರಲ್ಲಿ ಸಿಕ್ಕಿತು. ಅದರ ಮೂಲರೂಪ 1980ರಲ್ಲೇ ಹಣ್ಣುನೊಣದಲ್ಲಿ ಪತ್ತೆಯಾಗಿತ್ತು. ಮಾನಸಗಂಗೋತ್ರಿಯ ನೊಣ ಸಂಗ್ರಹ ಕೇಂದ್ರದ ಬಾಟಲಿಗಳಲ್ಲಿ ಸಾಕುವುದೂ ಅದೇ ಬಳಗದ ನೊಣಗಳನ್ನು.

ಈ ಪ್ರೋಟೀನು ವಿ.ಸಿ. ನಾಲೆಯ ನೀರಿನ ಹಾಗೆ. ತೂಬಿನ ಹತ್ತಿರ ಭತ್ತ, ಕೊನೆಯಲ್ಲಿ ರಾಗಿ. ಸಾಂದ್ರತೆ ಎರಡು ಮೂರು ಪಟ್ಟು ಬದಲಾದರೆ ಸಾಕು, ಹುಟ್ಟುವ ನರಕೋಶದ ಜಾತಿಯೇ ಬೇರೆ. ತೀರ ಹತ್ತಿರದಲ್ಲಿ ಎನ್‌ಕೆಎಕ್ಸ್2.2 ಜೀನ್ ಚುರುಕಾಗುತ್ತದೆ, ಅದರ ಮೇಲಿನ ಪಟ್ಟಿಯಲ್ಲಿ ಓಲಿಗ್2, ಇನ್ನೂ ಮೇಲೆ ಐಆರ್‌ಎಕ್ಸ್3. ಅಕ್ಕಪಕ್ಕದವು ಒಂದನ್ನೊಂದು ಅದುಮುವುದರಿಂದ ಗಡಿ ಕಲಸಿಹೋಗುವುದಿಲ್ಲ. ಓಲಿಗ್2 ಪಟ್ಟಿಯೇ ಚಾಲಕ ನರಕೋಶಗಳ ತವರು. ಅಲ್ಲಿಂದ ಹೊರಟ ಕೋಶ ಐಸ್‌ಲೆಟ್1, ಎಚ್‌ಬಿ9 ಜೀನ್‌ಗಳನ್ನು ಹಚ್ಚಿಕೊಳ್ಳುತ್ತದೆ. ಇಲಿಯಲ್ಲಿ ಐಸ್‌ಲೆಟ್1 ತೆಗೆದರೆ ಚಾಲಕ ನರಕೋಶವೇ ಇಲ್ಲ. ಎಚ್‌ಬಿ9 ತೆಗೆದರೆ ಕೋಶ ಹುಟ್ಟುತ್ತದೆ, ಆದರೆ ಪಕ್ಕದ ಪಟ್ಟಿಯ ನರಕೋಶದ ಲಕ್ಷಣಗಳನ್ನು ತೋರುತ್ತದೆ. ಅವುಗಳನ್ನು ಅದುಮಿಡುವುದೇ ಎಚ್‌ಬಿ9ರ ಕೆಲಸ.

ರೆಕ್ಕೆಗೋ ಕಾಲಿಗೋ ಎಂಬುದನ್ನು ಹಾಕ್ಸ್ ಜೀನ್‌ಗಳು ತೀರ್ಮಾನಿಸುತ್ತವೆ: ರೆಕ್ಕೆಯ ಮಟ್ಟದಲ್ಲಿ ಹಾಕ್ಸ್6, ಎದೆಯಲ್ಲಿ ಹಾಕ್ಸ್9, ಕಾಲಿನ ಮಟ್ಟದಲ್ಲಿ ಹಾಕ್ಸ್10. ಲ್ಯಾಂಡ್‌ಮೆಸರ್ ತಿರುಗಿಸಿದ ಖಂಡಗಳು ಒಯ್ದ ಗುರುತು ಈ ಬಗೆಯದು. ಹೆಸರುಗಳನ್ನು ಬಾಯಿಪಾಠ ಮಾಡಿಸುವ ಪಾಠಗಳಲ್ಲಿ ಈ ಸಂಬಂಧವೇ ಬಿಟ್ಟುಹೋಗುತ್ತದೆ, ಅದು ದೊಡ್ಡ ನಷ್ಟ.

2002ರಲ್ಲಿ ಹೈನೆಕ್ ವಿಕ್ಟರ್ಲೆ ಮತ್ತು ಥಾಮಸ್ ಜೆಸೆಲ್ ಅವರ ತಂಡ ಇಲಿಯ ಆಕರಕೋಶಗಳಿಗೆ (ಸ್ಟೆಮ್ ಸೆಲ್) ರೆಟಿನೋಯಿಕ್ ಆಮ್ಲವನ್ನೂ ಹೆಜ್‌ಹಾಗ್ ಸಂಕೇತವನ್ನು ಚುರುಕುಗೊಳಿಸುವ ರಾಸಾಯನಿಕವನ್ನೂ ಕೊಟ್ಟು ತಟ್ಟೆಯಲ್ಲೇ ಚಾಲಕ ನರಕೋಶ ಬೆಳೆಸಿತು. ಅವು ಕುತ್ತಿಗೆ ಮಟ್ಟದ ಗುರುತು ಹೊತ್ತವು, ಏಕೆಂದರೆ ರೆಟಿನೋಯಿಕ್ ಆಮ್ಲ ಬರೆಯುವುದು ಆ ವಿಳಾಸವನ್ನೇ. ಕೋಳಿ ಭ್ರೂಣದ ಬೆನ್ನುಹುರಿಗೆ ಅವನ್ನು ಸೇರಿಸಿ ಕಾವು ಮುಂದುವರಿಸಿದಾಗ, ಇಲಿಯ ತಂತುಗಳು ಕೋಳಿಯ ಸ್ನಾಯುವನ್ನು ಹೋಗಿ ಮುಟ್ಟಿದವು.