ಹಳೇ ಪ್ಲೇಟು: ಅಪರೂಪ ಬೇರೆ, ದುಬಾರಿ ಬೇರೆ

ಕುಮಟೆಯ ಗೆಳೆಯರೊಬ್ಬರು ಅಟ್ಟದಲ್ಲಿ ಸಿಕ್ಕ ಗ್ರಾಮಾಫೋನ್ ಪ್ಲೇಟುಗಳ ಫೋಟೋ ಕಳಿಸಿ, "ಇದಕ್ಕೆ ಲಕ್ಷ ರೂಪಾಯಿ ಬರ್ತದಾ ಮಾರಾಯ್ರೆ?" ಎಂದು ಕೇಳಿದ್ದರು. ಶಿರಸಿಯಲ್ಲಿ ನಾವು ಕೆಲವರು ಧ್ವನಿಮುದ್ರಣದ ಇತಿಹಾಸ ಓದುತ್ತಿದ್ದೇವಲ್ಲ, ಹಾಗಾಗಿ ಆ ಪ್ರಶ್ನೆಯನ್ನೇ ಹಿಡಿದು ಈ ಟಿಪ್ಪಣಿ. ಮೊದಲೇ ಹೇಳಿಬಿಡುತ್ತೇನೆ: ಹಳೆಯದೆಲ್ಲ ಅಪರೂಪವಲ್ಲ. ಹೊಸದರಲ್ಲಿ ದುಬಾರಿಯಾಗಿದ್ದದ್ದು ಈಗ ಸಿಗುವುದೇ ಇಲ್ಲ ಅಂತಲೂ ಇಲ್ಲ. ಎಷ್ಟೋ ಸಲ ಲೆಕ್ಕ ಉಲ್ಟಾ ಇರುತ್ತದೆ.

1877ರಲ್ಲಿ ಎಡಿಸನ್ ದನಿ ಹಿಡಿದದ್ದು ತೆಳ್ಳಗಿನ ತವರದ ಹಾಳೆಯ ಮೇಲೆ. ನಾಲ್ಕಾರು ಸಲ ನುಡಿಸಿದರೆ ಅದರ ಕತೆ ಮುಗಿಯಿತು. 1878ರಲ್ಲಿ ಅಮೆರಿಕದ ಸೇಂಟ್ ಲೂಯಿಯಲ್ಲಿ ಮಾಡಿದ ಒಂದು ಹಾಳೆ ಹೇಗೋ ಉಳಿದಿತ್ತು. ಸೂಜಿ ತಾಗಿಸಿದರೆ ಹರಿಯುತ್ತದೆ. ಅದಕ್ಕೇ ಅದರ ಮೇಲ್ಮೈಯ ಚಿತ್ರ ತೆಗೆದು, ಕಂಪ್ಯೂಟರಿನಿಂದ ದನಿ ಹೊರಡಿಸಿ, 2012ರಲ್ಲಿ ಜನಕ್ಕೆ ಕೇಳಿಸಿದರು.

ಆಮೇಲೆ ಮೇಣದ ಸಿಲಿಂಡರ್, ಅಂದರೆ ದನಿಯ ಗೆರೆ ಕೊರೆಯುವ ಮೇಣದ ಉರುಳೆ ಬಂತು. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಅಪರೂಪ ಅನ್ನುವುದು ಹುಟ್ಟುವುದೇ ಇಲ್ಲಿ. ಒಂದು ಸಿಲಿಂಡರಿನಲ್ಲಿ ಸುಮಾರು ಎರಡು ನಿಮಿಷದ ಹಾಡು. 1890ರ ದಶಕದಲ್ಲಿ ಒಂದರಿಂದ ಸಾವಿರ ಪ್ರತಿ ತೆಗೆಯುವ ದಾರಿ ಇರಲಿಲ್ಲ. ಗಾಯಕನ ಮುಂದೆ ದನಿ ಹಿಡಿಯುವ ನಾಲ್ಕಾರು ಯಂತ್ರಗಳ ತುತ್ತೂರಿ ಸಾಲಾಗಿ ಇಟ್ಟು ಹಾಡಿಸುತ್ತಿದ್ದರು. ಎಷ್ಟು ಯಂತ್ರವೋ ಅಷ್ಟೇ ಸಿಲಿಂಡರ್. ಇನ್ನೂ ಬೇಕೆಂದರೆ ಮತ್ತೆ ಹಾಡಬೇಕು. ಒಂದು ಯಂತ್ರದಿಂದ ಇನ್ನೊಂದಕ್ಕೆ ನಕಲು ಮಾಡುವುದೂ ಇತ್ತು, ಆದರೆ ನಕಲಿನಲ್ಲಿ ದನಿ ಸೊರಗುತ್ತಿತ್ತು. ಹುಟ್ಟಿನಿಂದ ಗುಲಾಮನಾಗಿದ್ದ ಜಾರ್ಜ್ ಜಾನ್ಸನ್ ಎಂಬ ಕಪ್ಪು ಗಾಯಕ ತನ್ನ ಒಂದೆರಡು ನಗೆಹಾಡುಗಳನ್ನೇ ಸಾವಿರಾರು ಸಲ ಹಾಡಿದ. ಶುರುವಿನಲ್ಲಿ ಅವನಿಗೆ ಸಿಗುತ್ತಿದ್ದದ್ದು ಒಂದು ಸಲಕ್ಕೆ 20 ಸೆಂಟ್. ಅಂದರೆ ಆ ಕಾಲದ ಒಂದೊಂದು ಸಿಲಿಂಡರಿನಲ್ಲೂ ಹಾಡು ಒಂದೇ ಇರಬಹುದು, ಹಾಡಿದ ಗಳಿಗೆ ಮಾತ್ರ ಬೇರೆ.

ಸಾಲದ್ದಕ್ಕೆ, ಕೇಳಿ ಬೇಜಾರಾದರೆ ಮೇಲಿನ ಪದರ ಹೆರೆದು ಅದೇ ಮೇಣದ ಮೇಲೆ ಬೇರೆ ಹಾಡು ಹಿಡಿಯಬಹುದಿತ್ತು. ಹೀಗೆ ಎಷ್ಟು ದನಿ ಹೋಯಿತೋ! ಕೈಜಾರಿದರೆ ಒಡೆಯುತ್ತದೆ. ತೇವಕ್ಕೆ ಬೂಷ್ಟು ಹಿಡಿದು ಗೆರೆಯನ್ನೇ ತಿಂದುಹಾಕುತ್ತದೆ. ನಮ್ಮ ಆಷಾಢದ ಮಳೆಗೆ ಮನೆಯ ಬಾಗಿಲೇ ಉಬ್ಬುತ್ತದೆ, ಇನ್ನು ಮೇಣ ಉಳಿಯುವುದುಂಟೆ?

ಬೆಲೆ? 1890ರ ದಶಕದ ಕೊನೆಗೆ ಒಂದು ಸಿಲಿಂಡರ್ 50 ಸೆಂಟ್. ಆಗಿನ ಅಮೆರಿಕದ ಕಾರ್ಖಾನೆ ಕೆಲಸಗಾರನಿಗೆ ಎರಡು ತಾಸು ದುಡಿದರೂ ಅಷ್ಟು ಗಿಟ್ಟುತ್ತಿರಲಿಲ್ಲ. ಆದರೂ ಮುಂದೆ ಹೇಳುವ ಪ್ಲೇಟುಗಳ ಎದುರು ಇದು ಅಗ್ಗದ ಸರಕೇ. 1902ರಲ್ಲಿ ಎಡಿಸನ್ ಕಂಪನಿ ಅಚ್ಚಿನಲ್ಲಿ ಎರಕ ಹೊಯ್ಯಲು ಶುರುಮಾಡಿತು. ಅಲ್ಲಿಂದ ಮುಂದಿನ ಸಿಲಿಂಡರುಗಳು ಈಗಲೂ ಸುಮಾರು ಸಿಗುತ್ತವೆ.

ಪ್ಲೇಟಿನ ದಾರಿಯೇ ಬೇರೆ. ಗ್ರಾಮಾಫೋನ್ ಕಂಡುಹಿಡಿದ ಬರ್ಲಿನರ್ ಲೋಹದ ಅಚ್ಚಿನಿಂದ ಪ್ಲೇಟು ಒತ್ತಿದ. ಒಮ್ಮೆ ಹಾಡಿದರೆ ಸಾಕು, ಎಷ್ಟು ಬೇಕೋ ಅಷ್ಟು ಪ್ರತಿ. ಆಗ ಬೆಲೆ ನಿಂತದ್ದು ಹಾಡಿದವರ ಹೆಸರಿನ ಮೇಲೆ. 1902ರಲ್ಲಿ ಮಿಲಾನಿನಲ್ಲಿ ಇಟಲಿಯ ಗಾಯಕ ಕರೂಸೊ ಹತ್ತು ಹಾಡಿಗೆ 100 ಪೌಂಡ್ ತೆಗೆದುಕೊಂಡ. ಮರುವರ್ಷ ಇಟಲಿಯ ಇನ್ನೊಬ್ಬ ಗಾಯಕ ತಮಾನ್ಯೊನ ಪ್ಲೇಟಿಗೆ ಒಂದು ಪೌಂಡ್, ಅಂದರೆ 20 ಷಿಲಿಂಗ್. 1904ರಲ್ಲಿ ಮೆಲ್ಬಾ ಎಂಬ ಗಾಯಕಿಯ ಪ್ಲೇಟಿಗೆ 21. ಆ ಒಂದು ಷಿಲಿಂಗ್ ಏನೂ ಖರ್ಚಿನ ಲೆಕ್ಕದ್ದಲ್ಲ, ಬರೀ ಠೀವಿಯದು! 1908ರಲ್ಲಿ ಕರೂಸೊ ಮತ್ತು ಇನ್ನೂ ಐವರು ಸೇರಿ ಹಾಡಿದ ವಿಕ್ಟರ್ ಕಂಪನಿಯ ಪ್ಲೇಟಿಗೆ 7 ಡಾಲರ್. ಅದೂ ಒಂದೇ ಬದಿ. 1899ರಲ್ಲಿ ಎಡಿಸನ್ ಕಂಪನಿಯ ಜೆಮ್ ಎಂಬ ಸಿಲಿಂಡರ್ ನುಡಿಸುವ ಯಂತ್ರವೇ ಏಳೂವರೆ ಡಾಲರಿಗೆ ಬಂದಿತ್ತು. ಇಷ್ಟು ದುಡ್ಡು ಕೊಟ್ಟವರು ಪ್ಲೇಟನ್ನು ಜೋಪಾನವಾಗಿ ಇಟ್ಟುಕೊಂಡರು. ಅದಕ್ಕೇ ಕರೂಸೊ ಇವತ್ತು ಅಷ್ಟೇನೂ ಅಪರೂಪವಲ್ಲ.

ನಮ್ಮ ದೇಶಕ್ಕೆ ಬರೋಣ. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದರು. ಹಾಡಿನ ಕೊನೆಗೆ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುವುದು ಕೇಳಿಸುತ್ತದೆ. ಪ್ಲೇಟು ಒತ್ತುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ, ಅಲ್ಲಿಯವರಿಗೆ ಇದು ಯಾರ ಹಾಡು ಅಂತ ಗೊತ್ತಾಗಬೇಕಲ್ಲ. ತಮಾಷೆಯೆಂದರೆ ಪ್ಲೇಟಿಗೆ ಬೇಕಾದ ಅರಗು ಹೋಗುತ್ತಿದ್ದದ್ದು ನಮ್ಮ ದೇಶದಿಂದ! ಅರಗು ಹಡಗಿನಲ್ಲಿ ಹೋಗಿ, ಹಾಡಾಗಿ ಹಡಗಿನಲ್ಲೇ ವಾಪಸ್ ಬರುತ್ತಿತ್ತು. 1908ರಲ್ಲಿ ಕಲ್ಕತ್ತೆಯಲ್ಲೇ ಕಾರ್ಖಾನೆ ಆಯಿತು.

ಕಾರವಾರದ ಮಂದಿಗೆ ಹತ್ತಿರದ ಉದಾಹರಣೆ ರವೀಂದ್ರನಾಥ ಠಾಕೂರರದ್ದು. ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರ ಹೊತ್ತಿಗೆ, ರವೀಂದ್ರರು ಅಲ್ಲಿಗೆ ಬಂದು ಉಳಿದಿದ್ದರು. ಕಡಲತೀರಕ್ಕೆ ಈಗಲೂ ಅವರದೇ ಹೆಸರು. ಇಪ್ಪತ್ತು ವರ್ಷ ಕಳೆದ ಮೇಲೆ ಕಲ್ಕತ್ತೆಯಲ್ಲಿ ಕೂದಲೆಣ್ಣೆ ವ್ಯಾಪಾರಿ ಹೇಮೇಂದ್ರಮೋಹನ ಬೋಸ್ ಠಾಕೂರರ ದನಿಯನ್ನು ಮೇಣದ ಸಿಲಿಂಡರಿನಲ್ಲಿ ಹಿಡಿದರು. ಅಷ್ಟು ದೊಡ್ಡ ಹೆಸರಿದ್ದರೂ ಆ ಸಿಲಿಂಡರುಗಳು ಹೆಚ್ಚುಕಮ್ಮಿ ಎಲ್ಲ ಹೋದವು. ಹೆಸರು ಮೇಣವನ್ನು ಕಾಯಲಿಲ್ಲ.

ಇನ್ನು ಕುಮಟೆಯ ಅಟ್ಟ. ಮೊದಲು ನೋಡಬೇಕಾದ್ದು ಪ್ಲೇಟು ಒಂದೇ ಬದಿಯದೋ ಎರಡು ಬದಿಯದೋ ಅಂತ. ಹಿಂಬದಿ ಬೋಳಾಗಿದ್ದರೆ ಹೆಚ್ಚಾಗಿ ಹಳೆಯ ಕಾಲದ್ದು. ಆಮೇಲೆ ಲೇಬಲ್ಲಿನ ಹತ್ತಿರ, ಗೆರೆ ಮುಗಿದ ನುಣುಪು ಜಾಗವನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಅಲ್ಲಿ ಸಣ್ಣದಾಗಿ ಒತ್ತಿದ ನಂಬರ್ ಇರುತ್ತದೆ. ಯಾವಾಗ ಹಾಡಿದ್ದು, ಯಾವ ಅಚ್ಚು ಎಂದು ಪತ್ತೆ ಹಚ್ಚಲು ಲೇಬಲ್ಲಿಗಿಂತ ಅದೇ ಜಾಸ್ತಿ ಉಪಯೋಗ. ಫೋಟೋ ತೆಗೆದರೆ ಆ ಜಾಗದ್ದೇ ತೆಗೆಯಿರಿ. ಧೂಳಿದೆ ಅಂತ ಸ್ಪಿರಿಟ್ ಹಾಕಿ ಒರೆಸಲೇಬೇಡಿ, ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿ. ಮಾರುವ ಮಾತು ಆಮೇಲೆ.